ನೀಲವ್ವತ್ತೆಯ ಹನ್ನೊಂದು ಹೊನ್ನಜೀರಂಗಿ

ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಗಜೇಂದ್ರಗಡದ ನಮ್ಮ ಹಳೆಯ ಮನೆಯ ನಡುಮನೆ ನನ್ನ ಕಣ್ಣಿಗೆ ಕಟ್ಟುತ್ತದೆ. ಗೋಡೆಯ ಪಕ್ಕದ ತಗಡಿನ ಪೆಟ್ಟಿಗೆ, ಅದರಲ್ಲಿ ಮಡಿಸಿಟ್ಟ ಸೀರೆಗಳು, ಸೀರೆಯ ಮಡಿಕೆಯಲ್ಲಿ ಬಿಳಿ ಗುಳಿಗೆ. ಪೆಟ್ಟಿಗೆ ತೆರೆದಾಗಲೆಲ್ಲ ಆ ವಾಸನೆ ಅಡುಗೆಮನೆಯ ತನಕ ಹೋಗುತ್ತಿತ್ತು, ಅವ್ವ ಒಗ್ಗರಣೆ ಹಾಕುತ್ತಲೇ ಮೂಗು ಮುರಿಯುತ್ತಿದ್ದಳು. ಮುಂದೆ ಕೀಟಗಳ ಕಪಾಟಿನಲ್ಲೂ ನನಗೆ ಇದೇ ವಾಸನೆ ಸಿಕ್ಕಿತು. ನಿಮಗೂ ಇಂಥ ಒಂದು ವಾಸನೆ ಇರಬಹುದು, ಮನೆ ಹೋದ ಮೇಲೂ ಉಳಿದದ್ದು. ನಿಮ್ಮದು ನಿಮಗೆ ಬರೀ ಅಳು ತರಿಸಿದರೆ ನೀವು ಪುಣ್ಯವಂತರು. ನನ್ನದು ನನ್ನ ಮೇಲೆ ತಪ್ಪು ಹೊರಿಸುತ್ತದೆ.

ನೀಲವ್ವ ನನ್ನ ಅಪ್ಪನ ಅಕ್ಕ. ರಾಜೂರಿಗೆ ಕೊಟ್ಟಿದ್ದರು. ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಡುಮನೆಯ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟು ಕೂತಳು. ನಾನು ಕಂಡಂತೆ ಅಲ್ಲಿಂದ ಎದ್ದದ್ದೇ ಕಡಿಮೆ. ನಮ್ಮನ್ನು ಬೆಳಗ್ಗೆ ಎಬ್ಬಿಸುತ್ತಿದ್ದದ್ದು ಅವಳ ಮಗ್ಗದ ಸದ್ದು. ಸಾಲಿಯ ಕಟ್ಟೆ ಹತ್ತಿದವಳಲ್ಲ, ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆದರೆ ಓಣಿಯಲ್ಲಿ ಯಾರ ಮಗು ಯಾವಾಗ ಹುಟ್ಟಿತು, ಯಾರ ಮನೆಯ ಮಾಳಿಗೆ ಯಾವಾಗ ಏರಿತು ಎಂದು ತಿಳಿಯಬೇಕಾದರೆ ಜನ ಬರುತ್ತಿದ್ದದ್ದು ಅವಳ ಹತ್ತಿರವೇ. ಮಗ್ಗದ ಪಕ್ಕದ ಗೂಟಕ್ಕೆ ಒಂದು ಹಗ್ಗ ತೂಗಾಡುತ್ತಿತ್ತು. ಮಗ್ಗಕ್ಕೆ ಏರಿಸಿದ ಹಾಸು ನೇಯ್ದು ಮುಗಿದಾಗ ಕೊನೆಗೆ ಉಳಿಯುವ ಗೇಣುದ್ದದ ಎಳೆಗಳನ್ನು ಅವಳು ಹೊಸೆದು ಆ ಹಗ್ಗದ ತುದಿಗೆ ಗಂಟು ಹಾಕುತ್ತಿದ್ದಳು. ಹಾಸಿಗೊಂದು ಗಂಟು. ಬಣ್ಣ ಮತ್ತೆ ಅದೇ ಬಂದರೆ ಗುರುತಿಗೆ ಬೇರೆ ಬಣ್ಣದ ಒಂದು ಎಳೆ ಸೇರಿಸುತ್ತಿದ್ದಳು. ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ, "ನಿನ್ನ ಮಗಾ ಹುಟ್ಟಿದಾಗ ಮಗ್ಗದ ಮ್ಯಾಲೆ ಬದನಿ ಬಣ್ಣದ್ದಿತ್ತು," ಎಂದು ಹಗ್ಗದ ಮೇಲೆ ಬೆರಳಾಡಿಸಿ, ಗಂಟು ಹಿಡಿದು, ವರ್ಷ ತಿಂಗಳು ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ನಾವು ಮಕ್ಕಳು ಅದನ್ನು ಅವಳ ಇನ್ನೊಂದು ಚಾಳಿ ಎಂದುಕೊಂಡು ಸುಮ್ಮನಿದ್ದೆವು.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬಿದ್ದ ಮೇಲೆ ಗುಡ್ಡದ ಬುಡದ ಜಾಲಿಗಿಡಗಳಲ್ಲಿ ಹೊನ್ನಜೀರಂಗಿ ಹುಳಗಳು ಕಾಣಿಸಿಕೊಳ್ಳುತ್ತಿದ್ದವು. ಕೊರಳು ಹಸಿರು, ಬೆನ್ನು ಕಂದು, ಬಿಸಿಲಿಗೆ ಹಿಡಿದರೆ ಹಸಿರೊಳಗೆ ಬಂಗಾರ. ನಾವು ಅವನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು ಜಾಲಿಸೊಪ್ಪು ಹಾಕಿ ಸಾಕುತ್ತಿದ್ದೆವು, ಕಾಲಿಗೆ ದಾರ ಕಟ್ಟಿ ಗಿರಗಿರ ಹಾರಿಸುತ್ತಿದ್ದೆವು. ಉಳಿದ ಮನೆಗಳಲ್ಲಿ ಹುಳ ತಂದರೆ ಬೆನ್ನಿಗೆ ಏಟು ಬೀಳುತ್ತಿತ್ತು. ನಮ್ಮ ಅತ್ತೆ ಮಾತ್ರ ಮಗ್ಗ ನಿಲ್ಲಿಸಿ, "ತಾ ಇಲ್ಲಿ, ಇದರ ಹಸರ ನನ್ನ ರೇಶಿಮಿಗೂ ಬರೂದಿಲ್ಲ ನೋಡು," ಎಂದು ಅಂಗೈ ಚಾಚುತ್ತಿದ್ದಳು. ನನ್ನ ಜೊತೆ ಅವಳೂ ಸೆರಗು ಸಿಕ್ಕಿಸಿಕೊಂಡು ಗುಡ್ಡಕ್ಕೆ ಬಂದದ್ದಿದೆ, ರಾಜೂರಿಗೆ ಹೋದಾಗ ಅಲ್ಲಿಯ ಬದುವಿನಿಂದ ಹಿಡಿದು ತಂದದ್ದಿದೆ. ಸತ್ತವುಗಳಲ್ಲಿ ಚಂದ ಕಂಡದ್ದನ್ನು ಆರಿಸಿ, ಹಿಂಗಾಲಿಗೆ ಒಂದು ಎಳೆ ದಾರ ಸುತ್ತಿ, ಡಾಂಬರ ಗುಳಿಗೆ ಹಾಕಿದ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಸತ್ತ ಹುಳಕ್ಕೆ ದಾರ ಯಾಕೆ ಎಂದು ನಾನು ಕೇಳಲಿಲ್ಲ. ನಾವು ಹಾರಿಸುವಾಗ ಕಟ್ಟುವ ದಾರದ ಹಾಗೆಯೇ ಅದೂ ಎಂದುಕೊಂಡಿದ್ದೆ.

ನಾನು ಪ್ರಾಣಿಶಾಸ್ತ್ರ ಓದಿದ್ದು ಆ ಡಬ್ಬಿಯಿಂದಲೇ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಎಂ.ಎಸ್ಸಿ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ದೂರದ ಊರಿನ ವಸ್ತುಸಂಗ್ರಹಾಲಯವೊಂದರ ಕೀಟವಿಭಾಗದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಅಲ್ಲಿ ಪ್ರತಿ ಹುಳದ ಕೆಳಗೆ ಅದನ್ನು ಹಿಡಿದವರ ಹೆಸರು ಬರೆದಿಡುತ್ತಾರೆ ಎಂದು ನಾನು ಹೇಳಿದಾಗ ಅತ್ತೆ ಮಗ್ಗ ಬಿಟ್ಟು ಎದ್ದಳು. ಡಬ್ಬಿ ತಂದು ನನ್ನ ಮುಂದಿಟ್ಟಳು. "ಹೆಂಗಸರ ಹೆಸರೂ ಬರೀತಾರೇನ?" ಎಂದಳು. ಬರೆಯುತ್ತಾರೆ, ನಿನ್ನ ಹೆಸರು ಬರೆಸಿಯೇ ಬರುತ್ತೇನೆ ಎಂದು ಮಾತು ಕೊಟ್ಟೆ. ಅವಳು ನೇಯ್ದ ನೂರಾರು ಸೀರೆ ಯಾರ್ಯಾರದೋ ಮೈಮೇಲೆ ಹೋಗಿದ್ದವು, ಒಂದರ ಮೇಲೂ ಅವಳ ಹೆಸರಿರಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಬಂದು ಕಿಟಕಿಯಲ್ಲಿ ಕೈಹಾಕಿ ಹೇಳಿದಳು, "ದಾರ ಜ್ವಾಕಿ ತಂಗಿ." ಎಳೆದರೆ ಕಾಲು ಮುರಿಯುತ್ತದೆ, ಅದಕ್ಕೇ ಜೋಪಾನ ಎನ್ನುತ್ತಿದ್ದಾಳೆ ಎಂದುಕೊಂಡೆ.

ಮೊದಲ ವಾರವೇ ಒಣಗಿದ ಹುಳವನ್ನು ಮೆತ್ತಗೆ ಮಾಡುವುದು, ಕುಂಚದಿಂದ ಧೂಳು ತೆಗೆಯುವುದು, ಸೂಜಿ ಚುಚ್ಚಿ ನಿಲ್ಲಿಸುವುದು ಕಲಿತೆ. ಹನ್ನೊಂದು ಹೊನ್ನಜೀರಂಗಿಗಳನ್ನು ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು, ಕಾಲುಗಳು ಸಡಿಲಾದ ಮೇಲೆ, ಸಣ್ಣ ಕತ್ತರಿಯಿಂದ ಒಂದೊಂದೇ ದಾರ ಕತ್ತರಿಸಿದೆ. ಹನ್ನೊಂದು ಹುಳ, ಒಂದು ಕಾಲೂ ಮುರಿಯಲಿಲ್ಲ. ದಾರದ ಚೂರುಗಳನ್ನು ಹತ್ತಿಯ ಜೊತೆ ಕಸದ ಬುಟ್ಟಿಗೆ ಹಾಕಿದೆ, ಸಂಜೆ ಬುಟ್ಟಿ ಖಾಲಿಯಾಯಿತು. ಸಾಲಾಗಿ ನಿಂತ ಹುಳಗಳನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ವಿಭಾಗದ ಮೇಡಂ ಒಳ್ಳೆಯವರು. ಹುಳಗಳನ್ನು ನೋಡಿ ಬಾಯ್ತುಂಬ ಮೆಚ್ಚಿ, "ಎಲ್ಲಿ ಸಿಕ್ಕಿತು, ಯಾವಾಗ, ಹಿಡಿದವರು ಯಾರು, ಮೂರೂ ಬೇಕಮ್ಮ. ಇಲ್ಲದಿದ್ದರೆ ನಾವು ಸೇರಿಸಿಕೊಳ್ಳುವ ಹಾಗಿಲ್ಲ," ಎಂದರು. ಅಷ್ಟೇ ತಾನೆ ಎಂದು ಹೊರಗೆ ಬಂದು ಮನೆಗೆ ಫೋನ್ ಹಚ್ಚಿದೆ. ಅವ್ವ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು.

"ಅತ್ತಿ, ಆ ಹುಳಾ ಯಾವ್ಯಾವುದು ಎಲ್ಲಿ, ಯಾವಾಗ ಸಿಕ್ಕಿದ್ದು, ನೆನಪೈತೇನ?"

ಅತ್ತೆ ನಕ್ಕಳು. "ನೆನಪ ಯಾಕ ಬೇಕ? ಅದಕ್ಕ ಅಲ್ಲೇನ ದಾರ ಕಟ್ಟಿದ್ದು. ಆವಾಗ ಮಗ್ಗದ ಮ್ಯಾಲೆ ಯಾವ ಹಾಸ ಇತ್ತೋ ಅದರ ಎಳಿ. ನೀ ಬಣ್ಣಾ ಹೇಳು, ನಾ ಹಗ್ಗ ಹಿಡಕೊಂಡ ಕುಂತೇನಿ."

ದಾರಗಳನ್ನು ನಾನು ಕಸಕ್ಕೆ ಹಾಕಿ ಆಗಿತ್ತು. ಆ ಹೊತ್ತಿನಲ್ಲೇ ಹೇಳಿಬಿಡಬೇಕಿತ್ತು. ಆದರೆ ಹಿಂದಿನಿಂದ ಓಣಿಯ ಹೆಂಗಸರ ದನಿ ಕೇಳುತ್ತಿತ್ತು, ತನ್ನ ಹೆಸರು ಬರೆಯುವ ಸುದ್ದಿಯನ್ನು ಅವಳು ಎಲ್ಲರಿಗೂ ಹೇಳಿ ಕೂಡಿಸಿದ್ದಳು. ನಾನು, "ಬದನಿ ಬಣ್ಣ," ಎಂದೆ. ಯಾವ ಹುಳಕ್ಕೆ ಯಾವ ದಾರವಿತ್ತೋ ನೆನಪಿರಲಿಲ್ಲ, ಆದರೆ ಚಿಕ್ಕಂದಿನಿಂದ ಕಂಡ ಹಗ್ಗ, ಅದರ ಬಣ್ಣಗಳು ನನಗೆ ಬಾಯಿಪಾಠವಿದ್ದವು. ಗಿಳಿಹಸಿರು ಎಂದೆ, ದಾಳಿಂಬ ಎಂದೆ, ಉಳ್ಳಾಗಡ್ಡಿ ಸಿಪ್ಪೆ ಎಂದೆ. ಅವಳು ಒಂದೊಂದಕ್ಕೂ ತಡವರಿಸದೆ ಹೇಳಿದಳು: ರಾಜೂರಿನ ಬದು, ಮಿರಗ ಕೂಡಿದ ಮೂರನೇ ದಿನ, ಗುಡ್ಡದ ಬುಡದ ದೊಡ್ಡ ಜಾಲಿ, ನಿನಗೆ ದಡಾರ ಎದ್ದ ವರ್ಷ, ನರೇಗಲ್ಲಿನ ಸಂತೆಯಿಂದ ಬರುವಾಗ ಗಾಡಿಯ ಮೇಲೆ ಬಂದು ಕೂತದ್ದು. ನಾನು ಎಲ್ಲವನ್ನೂ ಬರೆದುಕೊಂಡೆ. ಹನ್ನೊಂದನೆಯದಕ್ಕೆ, "ಅರಿಶಿಣ," ಎಂದೆ.

ಅತ್ತೆ ತಡೆದಳು. "ಅರಿಶಿಣ? ಅದು ನಿಮ್ಮ ಮುತ್ಯಾ ತೀರಿಕೊಂಡಾಗಿನ ಹಾಸ. ಥಂಡಿ ದಿನಾ. ಥಂಡ್ಯಾಗ ಜೀರಂಗಿ ಎಲ್ಲಿಂದ ಬರತೈತಿ?" ಹಗ್ಗವನ್ನು ಮತ್ತೆ ತಡವಿ ನೋಡಿರಬೇಕು. "ಚಂದಂಗ ನೋಡು ತಂಗಿ, ಖರೇನ ಅರಿಶಿಣ ಐತೇನ?"

ಹೇಳಿಬಿಡಲು ಅವಳೇ ನನಗೆ ಇನ್ನೊಂದು ಅವಕಾಶ ಕೊಟ್ಟಿದ್ದಳು. ನಾನು, "ಹೌದತ್ತಿ, ಅರಿಶಿಣನ ಐತಿ," ಎಂದೆ.

"ಹಂಗಾರ ನನಗ ಮರವು ಬಂದಿರಬೇಕು," ಎಂದಳು. ಆಮೇಲೆ, ಬಹಳ ಮೆತ್ತಗೆ, "ನನ್ನ ಹೆಸರ ಬರೀ ಮತ್ತ."

ಸುಳ್ಳು ಚೀಟಿ ಅಂಟಿಸುವಷ್ಟು ಕೆಟ್ಟಿರಲಿಲ್ಲ ನಾನು. ಅಥವಾ ಆ ಧೈರ್ಯವೂ ಇರಲಿಲ್ಲ. ಮೇಡಂ ಮುಂದೆ ಅತ್ತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹುಳಗಳನ್ನು ತೆಗೆದು, ಹೊಸದಾಗಿ ಬರುವ ವಿದ್ಯಾರ್ಥಿಗಳು ಸೂಜಿ ಚುಚ್ಚಿ ಕಲಿಯುವ ಡಬ್ಬಿಗೆ ಹಾಕಿದರು. ಊರಿಗೆ ಹೋದಾಗ ಅತ್ತೆ ಕೇಳಿದಳು, ಹೆಸರು ಬರೆದಿದ್ದಾರೆ ಎಂದೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸು ಎಂದಳು, ಮಳೆಗಾಲ ಮುಗಿಯಲಿ ಎಂದೆ. ಮುಗಿದ ಮೇಲೆ ಪರೀಕ್ಷೆ ಎಂದೆ.

ಅವಳು ಅಷ್ಟು ದಿನ ಕಾಯಲಿಲ್ಲ. ಮುಂದಿನ ಥಂಡಿಯಲ್ಲಿ ತೀರಿಕೊಂಡಳು. ಅಪ್ಪ ಮತ್ತು ಅವನ ತಮ್ಮನ ಪಾಲಿನಲ್ಲಿ ಮನೆ ಎರಡಾಯಿತು, ಮಗ್ಗದ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದರು. ಇವೆಲ್ಲ ಹೋಗುವಂಥವೇ, ಹೋದವು. ನನಗೆ ತಡೆಯಲಾಗದ್ದು ಅವ್ವ ಹೇಳಿದ ಮಾತು. ಆ ಫೋನಿನ ಮರುದಿನದಿಂದ ಅತ್ತೆ ಯಾರಿಗೂ ದಿನ ವರ್ಷ ಹೇಳಲಿಲ್ಲವಂತೆ. ಕೇಳಲು ಬಂದವರಿಗೆ, "ನನಗ ಮರವು ಬಂದೈತ್ರಿ, ಬ್ಯಾರೆಯವರನ್ನ ಕೇಳ್ರಿ," ಎಂದು ಕಳಿಸುತ್ತಿದ್ದಳಂತೆ. ಬಂದವರು ವಾದ ಮಾಡದೆ ಹೋಗುತ್ತಿದ್ದರಂತೆ, ವಯಸ್ಸಾಯಿತಲ್ಲ ಎಂದು.

ಹಗ್ಗ ಈಗ ನನ್ನ ಪೆಟ್ಟಿಗೆಯಲ್ಲಿದೆ, ಹುಳ ಹಿಡಿಯದಂತೆ ಡಾಂಬರ ಗುಳಿಗೆ ಹಾಕಿದ್ದೇನೆ. ಜೊತೆಗೆ ನಾನು ಅಂದು ಬರೆದುಕೊಂಡ ಹಾಳೆಯೂ ಇದೆ. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಈ ಹಗ್ಗ ಹಿಡಿದು ಬೆರಳಾಡಿಸುತ್ತ, ಅರಿಶಿಣದ ಗಂಟಿಗೆ ಬಂದು ನಿಲ್ಲುತ್ತಿದ್ದಳಂತೆ. "ಥಂಡ್ಯಾಗ ಎಲ್ಲಿ ಸಿಕ್ಕಿತ್ತವಾ ಅದು?" ಎಂದು ಅವ್ವನನ್ನು ಕೇಳುತ್ತಿದ್ದಳಂತೆ. ಉಳಿದ ಗಂಟುಗಳೆಲ್ಲ ಅವಳು ಹಾಕಿದ ಹಾಗೆಯೇ ಇವೆ. ಅದೊಂದು ಮಾತ್ರ ಸವೆದು ಬೆಳ್ಳಗಾಗಿದೆ.