ಮಾಸ್ತರರ ಮನೆ ಮೂಲೆಯ ಎರಡು ಪೈಪು

ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ, ನೀರು ಎಷ್ಟು ಜೋರಿದೆ ಎಂದು ಹೇಳಿಬಿಡುತ್ತಿದ್ದರು ನಮ್ಮ ಮಾಸ್ತರರು. ಅಂಗಿಯ ತೋಳು ಮೊಣಕೈವರೆಗೆ ತೊಯ್ದರೂ ಪರಿವೆಯಿಲ್ಲ. ಮೆಹದಿಪಟ್ಟಣಂನ ನಮ್ಮ ಕಾಲನಿಯಲ್ಲಿ ಅವರದು ಮೇಲಿನ ಓಣಿ, ನಮ್ಮದು ಕೆಳಗಿನದು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಡಿಗ್ರಿಯ ಗಣಿತ ನನ್ನ ತಲೆಗೆ ಹತ್ತಿದ್ದೇ ಅವರ ಪಡಸಾಲೆಯಲ್ಲಿ. ಉತ್ತರ ಮಾತ್ರ ಎಂದೂ ಹೇಳುತ್ತಿರಲಿಲ್ಲ, ನೀನ ಹುಡುಕು ಎನ್ನುತ್ತಿದ್ದರು.

ನಮ್ಮ ಓಣಿಗೆ ನೀರು ದಾರದಷ್ಟು ಬರುತ್ತಿತ್ತು. ಮಂಡಿನೋವಿನ ಅವ್ವ ಕೊಡ ಹೊತ್ತು ಕೈಪಂಪಿನ ಬೋರಿಂಗಿಗೆ ಹೋಗುವುದನ್ನು ನೋಡಿದ ಮಾಸ್ತರರು ಕಾಲನಿಯ ಪೈಪುಗಳನ್ನೆಲ್ಲ ಅಳತೆ ಸಮೇತ ನನ್ನಿಂದ ಹಾಳೆಗೆ ಇಳಿಸಿದರು. ನಮ್ಮ ಓಣಿಗೆ ನೀರು ಪೂರ್ತಿ ನಿಲ್ಲಬೇಕಾದರೆ ಹಾಳೆಯ ಮೇಲೆ ಯಾವ ಯಾವ ಪೈಪು ಕತ್ತರಿಸಬೇಕು ಎಂದು ಕೇಳಿದರು. ಕತ್ತರಿಸುವ ಬಗೆ ಹತ್ತಾರು. ಅವುಗಳಲ್ಲಿ ಯಾವ ಬಗೆಯಲ್ಲಿ ಕತ್ತರಿಸಿದ ಪೈಪುಗಳಲ್ಲೆಲ್ಲ ಸೇರಿ ಹಿಡಿಸುವ ನೀರು ತೀರಾ ಕಡಿಮೆಯೋ ಅದನ್ನು ಹುಡುಕಬೇಕು. “ಅದರಾಗ ಎಷ್ಟ ಹಿಡಿಸತೈತೋ ಅಷ್ಟ ನೀರು ನಿಮಗ, ತಂಗಿ. ಉಳಿದ ಕಡೆ ಎಷ್ಟ ದೊಡ್ಡ ಪೈಪ್ ಹಾಕಿದ್ರೂ ಅಷ್ಟ.”

ನೀರಿನ ಆಫೀಸಿನವರು ಬಂದಾಗ ಮಾಸ್ತರರನ್ನೇ ಮುಂದೆ ಮಾಡಿದೆವು. ಅವರು ಹಾಳೆ ಬಿಚ್ಚಿ, ಅಡಚಣೆ ಇರುವುದು ನಮ್ಮ ಓಣಿಯ ಹಳೆಯ ಪೈಪಿನಲ್ಲೇ ಎಂದರು. ರಸ್ತೆ ಅಗೆದರು. ಎರಡು ತಿಂಗಳು ಧೂಳು ತಿಂದೆವು. ದಪ್ಪ ಪೈಪು ಬಂತು, ನೀರು ಮೊದಲಿನಷ್ಟೇ.

ತಲೆ ಕೆಟ್ಟು ನಾನೇ ಲೆಕ್ಕಕ್ಕೆ ಕುಳಿತೆ. ಹೇಗೆ ಕತ್ತರಿಸಿದರೂ ಎಲ್ಲಕ್ಕಿಂತ ಕಡಿಮೆ ಬಂದದ್ದು ಮಾಸ್ತರರ ಮನೆ ಮೂಲೆಯಿಂದ ಕೆಳಗಿಳಿಯುವ ಎರಡು ಸಣ್ಣ ಪೈಪುಗಳಲ್ಲಿ. ನನಗೆ ಸಿಕ್ಕಿದ್ದು ಅವರಿಗೆ ಸಿಗಲಿಲ್ಲವೇ?

ಹಾಳೆ ಹಿಡಿದು ಹೋದೆ. ನೋಡಿ, ಕನ್ನಡಕ ತೆಗೆದಿಟ್ಟರು.

“ಲೆಕ್ಕ ಸರಿ ಐತಿ. ನನಗ ಮೊದಲ ಗೊತ್ತಿತ್ತು. ಅಲ್ಲಿ ದೊಡ್ಡದು ಮಾಡಿದ್ರ ನೀರು ಕೆಳಗ ಹೋಗಿ ನಮ್ಮ ಓಣಿಗೆ ಕಡಿಮಿ ಆಗತಿತ್ತು.”

ಅವರ ಹೆಂಡತಿ ಚಹಾ ತಂದಿಟ್ಟರು. ಕುಡಿಯದೆ ಎದ್ದು ಬಂದೆ. ಅವ್ವನ ಮಂಡಿ ಕಣ್ಣಾರೆ ಕಂಡೂ ಹೀಗೆ ಮಾಡಿದರಲ್ಲ, ಇವರನ್ನು ನಾನು ತಂದೆಯ ಸಮಾನ ಅಂದುಕೊಂಡಿದ್ದೆ.

ಅದೇ ಹಾಳೆಯನ್ನು ಆಫೀಸಿಗೆ ಒಯ್ದು ಕೊಟ್ಟೆ. ಅಲೆದಾಡಿಸಿ, ಕೊನೆಗೆ ಆ ಮೂಲೆ ಅಗೆದು ಪೈಪು ಬದಲಿಸಿದರು. ನಮ್ಮ ನಲ್ಲಿ ಭರ್ತಿ ಬಂತು. ಅವ್ವ ಸಿಹಿಗೆಂದು ಸಜ್ಜಕ ಮಾಡಿ, ಮೊದಲು ಮಾಸ್ತರರಿಗೆ ಕೊಟ್ಟು ಬಾ ಎಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ನನಗೆ ಕಾಲೇ ಏಳಲಿಲ್ಲ. ಅವಳೇ ಕುಂಟುತ್ತ ಹೋಗಿ ಕೊಟ್ಟು ಬಂದಳು.

ಹೋದ ವರ್ಷ ಮಾಸ್ತರರು ತೀರಿಕೊಂಡಾಗ, ನಮ್ಮ ಓಣಿಗೆ ನೀರು ತಂದ ಪುಣ್ಯಾತ್ಮರು ಎಂದು ಅವ್ವ ಬಂದವರೆದುರೆಲ್ಲ ಅತ್ತಳು. ಸುಳ್ಳು ಎನ್ನಲು ಬಾಯಿ ತೆರೆದೆ. ಆದರೆ ಆ ಲೆಕ್ಕ ಅವರು ಕಲಿಸದಿದ್ದರೆ ಅವ್ವ ಇವತ್ತಿಗೂ ಕೊಡ ಹೊರುತ್ತಿದ್ದಳು. ಅವರನ್ನು ಪೂರ್ತಿ ದೂರಲೂ ಆಗದು; ನನ್ನ ಸಿಟ್ಟು ಆರದಿರುವುದು ಅದಕ್ಕೇ.