ಆರನೇ ಕ್ಲಾಸಿನ ಉತ್ಖನನ

2014ರಲ್ಲಿ ನಾನು ಅಬುಧಾಬಿಯ ಹೊರವಲಯದ ಒಂದು ಇಂಡಿಯನ್ ಸ್ಕೂಲಿನ ಹುಡುಗಿಯರ ವಿಭಾಗದಲ್ಲಿ ಸೋಶಿಯಲ್ ಸ್ಟಡೀಸ್ ಶಿಕ್ಷಕಿಯಾಗಿದ್ದೆ. ಊರು ಕಾರ್ಕಳ. ಕಾಲೇಜಿನಲ್ಲಿ ಇತಿಹಾಸ ಓದಿದವಳು ಎಂಬ ಒಂದೇ ಕಾರಣಕ್ಕೆ ಆರನೇ ತರಗತಿಯ ಆದಿಮಾನವರೂ ಪ್ರಾಚೀನ ನಾಗರಿಕತೆಗಳೂ ವರ್ಷವರ್ಷವೂ ನನ್ನ ತಲೆಗೇ ಬರುತ್ತಿದ್ದವು. ಕಲ್ಲಿನ ಆಯುಧ, ಬೆಂಕಿ, ಬೇಸಾಯ, ಆಮೇಲೆ ಹರಪ್ಪ, ಮೆಸೊಪೊಟೇಮಿಯ, ಈಜಿಪ್ಟ್. ಮಕ್ಕಳ ಪ್ರಶ್ನೆ ಮಾತ್ರ ಪ್ರತಿವರ್ಷವೂ ಒಂದೇ: "ಮ್ಯಾಮ್, ಇದು ಎಕ್ಸಾಮ್‌ಗೆ ಬರ್ತದಾ?"

ಆ ಮಕ್ಕಳು ಹುಟ್ಟಿದ್ದೇ ಫ್ಲ್ಯಾಟುಗಳಲ್ಲಿ. ನೆಲ ಅಗೆದರೆ ಹಳೆಯದೇನಾದರೂ ಸಿಗುತ್ತದೆ ಎಂದರೆ ಅವರಿಗೆ ನಗು. ಅಗೆದರೆ ಸಿಗುವುದು ಪೈಪ್‌ಲೈನ್ ಎಂದಿದ್ದಳು ಒಬ್ಬಳು. ಸಿಂಧೂ ಕಣಿವೆಯ ಮಡಕೆ ಚೂರುಗಳು ಇದೇ ದೇಶದ ಮರಳಿನಲ್ಲಿ ಸಿಕ್ಕಿವೆ, ನಾವು ಇಲ್ಲಿಗೆ ಬರುವುದಕ್ಕೆ ನಾಲ್ಕು ಸಾವಿರ ವರ್ಷ ಮೊದಲೇ ಆ ಕಡೆಯವರು ವ್ಯಾಪಾರಕ್ಕೆ ಬರುತ್ತಿದ್ದರು, ಅದೂ ವೀಸಾ ಇಲ್ಲದೆ ಎಂದೆ. ವೀಸಾ ಎಂದದ್ದಕ್ಕೆ ಇಡೀ ಕ್ಲಾಸು ತಲೆಯೆತ್ತಿತು. ಗಲ್ಫ್‌ನ ಮಕ್ಕಳಿಗೆ ಆ ಒಂದು ಶಬ್ದ ಚೆನ್ನಾಗಿ ಗೊತ್ತು.

ಆ ಉತ್ಸಾಹದಲ್ಲೇ ನನಗೊಂದು ಉಪಾಯ ಹೊಳೆಯಿತು. ಐದು ದೊಡ್ಡ ಪ್ಲಾಸ್ಟಿಕ್ ಟಬ್‌ಗಳಲ್ಲಿ ಮರಳು ತುಂಬಿಸುವುದು. ಕ್ಲಾಸಿನ ಐದು ಗುಂಪುಗಳು ತಮ್ಮ ತಮ್ಮ 'ನಾಗರಿಕತೆ'ಯ ವಸ್ತುಗಳನ್ನು ಬುಧವಾರ ಅದರಲ್ಲಿ ಹೂಳುವುದು. ಗುರುವಾರ ಪಕ್ಕದ ಸೆಕ್ಷನ್‌ನವರು ಅದನ್ನು ಅಗೆದು, ಸಿಕ್ಕಿದ್ದನ್ನು ನೋಡಿ ಈ ಜನ ಹೇಗೆ ಬದುಕಿದ್ದರು ಎಂದು ಊಹಿಸುವುದು. ಮರಳನ್ನು ನನ್ನ ಗಂಡ ಅಲ್ ಐನ್ ಊರಿನ ದಾರಿಯಿಂದ ಕಾರಿನ ಡಿಕ್ಕಿಯಲ್ಲಿ ತಂದುಕೊಟ್ಟರು. ಆ ಕಡೆಯ ಮರಳು ನಮ್ಮೂರಿನ ಮುರಕಲ್ಲಿನ ಹುಡಿಯ ಹಾಗೆ ಕೆಂಪು. ಡಿಕ್ಕಿ ಕೆಂಪಾಯಿತೆಂದು ಆ ಮನುಷ್ಯ ಒಂದು ವಾರ ಗೊಣಗಿದರು.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ಜನರು ಯಾವುದಿಲ್ಲದೆ ಬದುಕಲಾರರೋ ಅಂಥದ್ದನ್ನು ತನ್ನಿ. ಏನು ಹೂತಿದ್ದೀರಿ ಎಂದು ಯಾರಿಗೂ ಹೇಳಬಾರದು. ನನಗೂ ಹೇಳಬಾರದು." ಮನಸ್ಸಿನಲ್ಲಿ ಇದ್ದದ್ದು ಚಮಚ, ಬಾಚಣಿಗೆ, ಒಡೆದ ಕಪ್ಪು. ಬುಧವಾರ ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಬೆನ್ನು ತಿರುಗಿಸಿಕೊಂಡು, ಪಿಸುಗುಟ್ಟುತ್ತಾ ಹೂತರು. ಮರಳು ಗಟ್ಟಿ ಕೂರಲಿ ಎಂದು ನೀರು ಚಿಮುಕಿಸಿದರು. ಟಬ್‌ಗಳನ್ನು ಕಾರಿಡಾರಿನಲ್ಲಿ ಸಾಲಾಗಿ ಇಡಿಸಿ, ದೊಡ್ಡ ಘನಕಾರ್ಯ ಮಾಡಿದವಳ ಹಾಗೆ ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಫೋನ್ ಬಂತು. ಮಿನ್ಹಾಳ ತಾಯಿ ಝುಬೈದಾ. ಉಪ್ಪಿನಂಗಡಿ ಕಡೆಯ ಬ್ಯಾರಿ ಕುಟುಂಬ, ಹತ್ತಿರದ ಬನಿಯಾಸ್‌ನಲ್ಲಿ ಮನೆ. ಗಂಡ ಹನೀಫ್ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಸ್ಟೋರ್ ಕೀಪರ್.

"ಟೀಚರೇ, ಇವರ ಉಮ್ಮನಿಗೆ ತುಂಬಾ ಸೀರಿಯಸ್ ಉಂಟು, ಮಂಗಳೂರಲ್ಲಿ ಐಸಿಯುನಲ್ಲಿ. ಇವರಿಗೆ ಇವತ್ತು ಮಧ್ಯಾಹ್ನದ ಫ್ಲೈಟಿಗೆ ಟಿಕೆಟ್ ಸಿಕ್ಕಿದೆ. ಪಾಸ್‌ಪೋರ್ಟ್ ಮಾತ್ರ ಕಾಣ್ತಾ ಇಲ್ಲ. ಕಪಾಟಿನ ಮೇಲೆ ಇಟ್ಟದ್ದು. ಮನೆ ಇಡೀ ಹುಡುಕಿ ಆಯ್ತು. ಮಿನ್ಹಾ ಎಲ್ಲಿಯಾದ್ರೂ ನೋಡಿದ್ದಾಳಾ ಅಂತ ಒಂದು ಮಾತು ಕೇಳ್ತೀರಾ?"

ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಆಗ ಅಲ್ಲಿ ಎಷ್ಟೋ ಕಂಪನಿಗಳು ಕೆಲಸಗಾರರ ಪಾಸ್‌ಪೋರ್ಟನ್ನು ತಮ್ಮ ಆಫೀಸಿನಲ್ಲೇ ಇಟ್ಟುಕೊಳ್ಳುತ್ತಿದ್ದವು. ರಜೆಗೆ ಊರಿಗೆ ಹೋಗುವಾಗ ಸಹಿ ಹಾಕಿ ತೆಗೆದುಕೊಳ್ಳಬೇಕು, ಬಂದಮೇಲೆ ವಾಪಸ್ ಕೊಡಬೇಕು. ಹನೀಫರ ಪಾಸ್‌ಪೋರ್ಟ್ ನವೀಕರಣಕ್ಕೆಂದು ಹೊರಬಂದು, ಎರಡೇ ದಿನದ ಮಟ್ಟಿಗೆ ಮನೆಯಲ್ಲಿತ್ತು. ಅದು ಕಳೆದುಹೋದರೆ ಪೊಲೀಸ್ ದೂರು, ಎಂಬೆಸಿ, ತಾತ್ಕಾಲಿಕ ಪ್ರಯಾಣಪತ್ರ, ವೀಸಾದ ತಲೆನೋವು. ಅಂದು ಗುರುವಾರ. ಶುಕ್ರವಾರ, ಶನಿವಾರ ಎಂಬೆಸಿಗೆ ರಜೆ. ಐಸಿಯುವಿನಲ್ಲಿರುವ ತಾಯಿ ಭಾನುವಾರದವರೆಗೆ ಕಾಯುತ್ತಾರೆಯೇ?

ನಾನು ಮಿನ್ಹಾಳನ್ನು ಹೊರಗೆ ಕರೆದೆ. ಹನ್ನೊಂದು ವರ್ಷದ ಸಣಕಲು ಹುಡುಗಿ, ಕ್ಲಾಸಿನಲ್ಲಿ ಎಲ್ಲರಿಗಿಂತ ಗಮನವಿಟ್ಟು ಕೇಳುವವಳು. ಅಪ್ಪನ ಪಾಸ್‌ಪೋರ್ಟ್ ನೋಡಿದೆಯಾ ಎಂದದ್ದೇ ಅವಳ ಮುಖ ಬಿಳಿಚಿತು.

"ಇಟ್ಸ್ ಸೀಕ್ರೆಟ್, ಮ್ಯಾಮ್. ನೀವೇ ಹೇಳಿದ್ದು, ನಿಮಗೂ ಹೇಳ್ಬಾರ್ದು ಅಂತ."

"ಟಬ್‌ನಲ್ಲಿ ಹೂತಿದ್ದೀಯಾ?"

ಅವಳು ತಲೆಯಾಡಿಸಿದಳು. "ಫಾಯಿಲ್‌ನಲ್ಲಿ ಸುತ್ತಿ, ತುಂಬಾ ಕೆಳಗೆ ಇಟ್ಟಿದ್ದೇನೆ. ಇವತ್ತು ಅಗೆದ ಮೇಲೆ ಮನೆಗೆ ತಕೊಂಡು ಹೋಗ್ತೇನೆ ಅಂತ ಇದ್ದೆ. ಉಪ್ಪ ಹೇಳಿದ್ರು, ಇದಿಲ್ಲದಿದ್ರೆ ನಾವು ಇಲ್ಲಿ ಯಾರೂ ಅಲ್ಲ ಅಂತ. ನೀವು ಅಂಥದ್ದೇ ತರ್ಲಿಕ್ಕೆ ಹೇಳಿದ್ದಲ್ವಾ ಮ್ಯಾಮ್?"

ಹೇಳಿದ್ದು ನಾನೇ, ಬೈಯುವುದು ಯಾರನ್ನು? ಸದ್ಯ, ಟಬ್ ಇಲ್ಲೇ ಇದೆಯಲ್ಲ ಎಂದು ಅವಳ ಕೈ ಹಿಡಿದು ಕಾರಿಡಾರಿಗೆ ಓಡಿದರೆ ಅಲ್ಲಿ ಟಬ್‌ಗಳೇ ಇಲ್ಲ. ನೆಲ ಒರೆಸಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂದು ಜೀವನದಲ್ಲಿ ಮೊದಲ ಬಾರಿಗೆ ಸ್ವಚ್ಛತೆಯನ್ನು ಕಂಡು ನನಗೆ ಕಣ್ಣು ಕತ್ತಲೆ ಬಂತು.

ಮುಂದಿನ ವಾರ ಸ್ಕೂಲಿಗೆ ಸರ್ಕಾರದ ಇನ್‌ಸ್ಪೆಕ್ಷನ್ ಇತ್ತು. ಅದರ ರೇಟಿಂಗ್ ಮೇಲೆ ಎಲ್ಲರ ಹಣೆಬರಹ ನಿಂತಿರುವುದರಿಂದ ಆಡಳಿತದವರು ಕಂಡ ಕಂಡ ಮೂಲೆ ತೊಳೆಸುತ್ತಿದ್ದರು. ಮೇಂಟೆನೆನ್ಸ್ ಸೂಪರ್‌ವೈಸರ್ ಜೋಸೆಫ್ ಕೇರಳದವರು, ಒಳ್ಳೆಯ ಮನುಷ್ಯ, ಆದರೆ ಕಸ ಎಂದರೆ ಹಿಂದೆಮುಂದೆ ನೋಡುವವರಲ್ಲ. ಅವರು ಇಂಗ್ಲಿಷು ಹಿಂದಿ ಬೆರೆಸಿ ಹೇಳಿದ್ದು ಇಷ್ಟು: "ಆ ಮಣ್ಣಾ? ಖಲಾಸ್ ಟೀಚರ್. ನಿನ್ನೆ ಸಂಜೆಯೇ ಕೆ.ಜಿ. ಮಕ್ಕಳ ಸ್ಯಾಂಡ್ ಪಿಟ್‌ಗೆ ಮಗುಚಿ ಹಾಕಿಸಿದೆ. ಇವತ್ತು ಬೆಳಿಗ್ಗೆ ಅದರ ಮೇಲೆ ಒಂದು ಲೋಡು ಹೊಸ ಮರಳೂ ಬಿತ್ತು."

ಸ್ಯಾಂಡ್ ಪಿಟ್ ಎಂದರೆ ಹಿಂದಿನ ಅಂಗಳದಲ್ಲಿ ಒಂದು ಕ್ಲಾಸ್‌ರೂಮಿನಷ್ಟು ದೊಡ್ಡ ಗುಂಡಿ. ಹೋಗಿ ನೋಡಿದರೆ ಹೊಸ ಬಿಳಿ ಮರಳು ಹಾಲು ಸುರಿದ ಹಾಗೆ ಸಪಾಟಾಗಿ ಹರಡಿತ್ತು. ಝುಬೈದಾಗೆ ಫೋನ್ ಮಾಡಿ, ಪಾಸ್‌ಪೋರ್ಟ್ ಸ್ಕೂಲಿನಲ್ಲೇ ಇದೆ, ಹನೀಫರು ಲಗೇಜು ಸಮೇತ ಇಲ್ಲಿಗೇ ಬರಲಿ ಎಂದೆ. ಎಲ್ಲಿದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಪ್ರಿನ್ಸಿಪಾಲ್ ಮೇಡಂ ಹೈದರಾಬಾದಿನವರು, ಖಡಕ್ ಹೆಂಗಸು. ಅವರಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತು, ಅದರ ಹಿಂದೆ ನನ್ನ ವೀಸಾವೂ ಹೋಯಿತು ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅವರು ಹೇಳಿದ್ದು ಬೇರೆ. "ಅದನ್ನೆಲ್ಲ ಆಮೇಲೆ ಮಾತಾಡೋಣ. ಕೆ.ಜಿ. ಮಕ್ಕಳನ್ನು ಒಳಗಿರಿಸುತ್ತೇನೆ. ಬಿಸಿಲೇರಿದ ಮೇಲೆ ನಿಮ್ಮ ಒಂದು ಮಗುವೂ ಹೊರಗೆ ಕಾಣಬಾರದು."

ಜೋಸೆಫ್ ಆಳುಗಳನ್ನು ಕರೆತಂದು, ಸಲಿಕೆ ಹಾಕಿದರೆ ಒಂದೇ ಗಳಿಗೆಯ ಕೆಲಸ, ಯಲ್ಲಾ, ಶುರುಮಾಡೋಣ ಎಂದರು. ನಾನು ಅಡ್ಡ ನಿಂತೆ. ಸಲಿಕೆಯ ಏಟಿಗೆ ಪಾಸ್‌ಪೋರ್ಟ್ ಹರಿದರೆ ಸಿಕ್ಕಿಯೂ ಸಿಗದ ಹಾಗೆ. ಹರಿದ ಪಾಸ್‌ಪೋರ್ಟನ್ನು ಏರ್‌ಪೋರ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ. ಕೊನೆಗೆ ಹೀಗೆ ತೀರ್ಮಾನವಾಯಿತು: ಮೇಲಿನ ಬಿಳಿ ಮರಳನ್ನು ಆಳುಗಳು ಸಲಿಕೆಯಿಂದ ತೆಳ್ಳಗೆ ಸವರಿ ತೆಗೆಯುವುದು, ಕೆಂಪು ಬಣ್ಣ ಕಂಡ ಕೂಡಲೇ ನಿಲ್ಲಿಸುವುದು, ಅಲ್ಲಿಂದ ಮುಂದೆ ನನ್ನ ಆರನೇ ಕ್ಲಾಸಿನವರು ಚಮಚ ಮತ್ತು ಬ್ರಷ್‌ನಿಂದ ಅಗೆಯುವುದು. ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಎಂದು ಆ ವಾರವಷ್ಟೇ ಬೋರ್ಡಿನ ಮೇಲೆ ಬರೆದಿದ್ದೆ. ಇಲ್ಲಿ ಬಿಳಿ ಎಂದರೆ ಇವತ್ತು, ಕೆಂಪು ಎಂದರೆ ನಿನ್ನೆ.

ಕೆಂಪು ಕಾಣಿಸಿತು. ಅಲ್ಲಲ್ಲಿ ಐದು ಗುಪ್ಪೆ. ಹುಡುಗಿಯರು ಯೂನಿಫಾರ್ಮಿನಲ್ಲೇ ಮಂಡಿಯೂರಿ ಕೂತರು. ಎಂದೂ ಬಾಯಿ ಮುಚ್ಚದ ಆ ಕ್ಲಾಸಿನಲ್ಲಿ ಒಂದು ಪಿಸುಮಾತಿಲ್ಲ. ನಾನು ಗುಪ್ಪೆಯಿಂದ ಗುಪ್ಪೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಮೊದಲು ಸಿಕ್ಕಿದ್ದು ಒಂದು ಎ.ಸಿ. ರಿಮೋಟು. ನಮ್ಮ ಜನರು ಯಾವುದಿಲ್ಲದೆ ಬದುಕಲಾರರು ಎಂಬುದಕ್ಕೆ ಅದೂ ಸರಿಯಾದ ಉತ್ತರವೇ. ಯಾರ ಮನೆಯವರು ರಾತ್ರಿಯಿಡೀ ಬೆವರಿದರೋ ಪಾಪ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಆಮೇಲೆ ಒಂದು ಬಾಚಣಿಗೆ, ಮೊಬೈಲ್ ಚಾರ್ಜರು, ಬಿರಿಯಾನಿ ಮಸಾಲೆಯ ಪ್ಯಾಕೆಟ್ಟು. ಪಾಸ್‌ಪೋರ್ಟ್ ಇಲ್ಲ.

ಅಷ್ಟರಲ್ಲಿ ಹನೀಫರು ಗೇಟಿಗೆ ಬಂದಿದ್ದಾರೆಂದು ವಾಚ್‌ಮನ್ ಹೇಳಿಕಳಿಸಿದ. ಶಾಲೆ ನಡೆಯುವಾಗ ಹುಡುಗಿಯರ ವಿಭಾಗದೊಳಗೆ ಗಂಡಸರನ್ನು ಬಿಡುವ ಪದ್ಧತಿಯಿಲ್ಲ. ಕುರ್ಚಿ ಕೊಟ್ಟರೂ ಕೂರದೆ, ಬ್ಯಾಗು ಹಿಡಿದು ಬಿಸಿಲಿನಲ್ಲೇ ನಿಂತಿದ್ದರಂತೆ. ಬಿಸಿಲೂ ಏರುತ್ತಿತ್ತು. ಪ್ರಿನ್ಸಿಪಾಲ್ ವರಾಂಡದಲ್ಲಿ ಬಂದು ನಿಂತು ಗಡಿಯಾರ ನೋಡಿದರು.

ತುಂಬಾ ಕೆಳಗೆ ಇಟ್ಟಿದ್ದೇನೆ ಎಂದಿದ್ದಳಲ್ಲ ಮಿನ್ಹಾ, ಅದಕ್ಕೇ ನಾನು ಎಲ್ಲರಿಗೂ ಇನ್ನೂ ಆಳ, ಇನ್ನೂ ಆಳ ಎಂದು ಹೇಳುತ್ತಿದ್ದೆ. ಗುಪ್ಪೆಯ ನಡುವೆ ತೋಡಿದ ಹಾಗೆಲ್ಲ ಮರಳು ಜಾರಿ ಮತ್ತೆ ತುಂಬುತ್ತಿತ್ತು. ಮಿನ್ಹಾ ಮಾತ್ರ ಅಗೆಯುವುದನ್ನು ಬಿಟ್ಟು ಜೋಸೆಫರ ಹತ್ತಿರ ಹೋಗಿ ಏನೋ ಕೇಳಿದಳು. ಅವರು ಎರಡೂ ಕೈಯಲ್ಲಿ ಟಬ್ ಮಗುಚುವ ಹಾಗೆ ಅಭಿನಯಿಸಿ ತೋರಿಸಿದರು. ಅವಳು ನನ್ನ ಬಳಿ ಓಡಿಬಂದಳು.

"ಮ್ಯಾಮ್, ಆಳಕ್ಕೆ ಬೇಡ. ಅವರು ಟಬ್ ಉಲ್ಟಾ ಮಾಡಿದ್ದಾರೆ. ಅಡಿಯಲ್ಲಿ ಇಟ್ಟದ್ದು ಈಗ ಮೇಲೆ ಬಂದಿರ್ತದೆ. ನಾವು ತೆಗೆದು ಬದಿಗೆ ಹಾಕಿದ್ದರಲ್ಲೇ ಇರ್ಬೇಕು."

ನಾನು ಎರಡು ದಶಕ ಇತಿಹಾಸ ಹೇಳಿಕೊಟ್ಟವಳು. ಮಗುಚಿದ ಟಬ್‌ನಲ್ಲಿ ಹಳೆಯದು ಮೇಲೆ, ಹೊಸದು ಕೆಳಗೆ ಎಂಬುದು ನನಗೆ ಹೊಳೆದಿರಲಿಲ್ಲ. ಭಯ ಹತ್ತಿದ ಮಂಡೆಗೆ ಎಂಥದೂ ಹೊಳೆಯುವುದಿಲ್ಲ. ಎಲ್ಲರೂ ಬದಿಗೆ ಸರಿಸಿದ ಕೆಂಪು ಮರಳನ್ನು ಅಂಗೈಯಿಂದ ಜಾಲಾಡಿದೆವು. ಮೂಲೆಯ ಗುಪ್ಪೆಯ ಪಕ್ಕದಲ್ಲಿ, ನೀರಿಗೆ ಗಟ್ಟಿಯಾದ ಹೆಂಟೆಯೊಂದನ್ನು ಮಿನ್ಹಾಳ ಗೆಳತಿ ಒಡೆದಳು. ಒಳಗೆ ಫಾಯಿಲು ಮಿನುಗಿತು.

ಬಿಚ್ಚಿದೆ. ನೀಲಿ ಹೊದಿಕೆಯ ತುದಿ ಸ್ವಲ್ಪ ಒದ್ದೆ. ಒಂದೊಂದೇ ಪುಟ ತಿರುಗಿಸಿದೆ. ಫೋಟೋ ಸರಿಯಿತ್ತು, ಅಕ್ಷರಗಳು ಸರಿಯಿದ್ದವು. ಹೋದ ಜೀವ ಬಂದಂತಾಯಿತು. ಸೀರೆಯ ನೆರಿಗೆ ಎತ್ತಿ ಹಿಡಿದು, ಮಿನ್ಹಾಳನ್ನು ಎಳೆದುಕೊಂಡು ಗೇಟಿಗೆ ಓಡಿದೆ. ನನ್ನ ವಯಸ್ಸಿನ ಶಿಕ್ಷಕಿ ಹಾಗೆ ಓಡುವುದನ್ನು ಆ ಸ್ಕೂಲು ಹಿಂದೆ ಕಂಡಿರಲಿಲ್ಲ.

ಹನೀಫರು ಪಾಸ್‌ಪೋರ್ಟ್ ತೆಗೆದುಕೊಂಡು ಶರ್ಟಿಗೆ ಒರೆಸಿದರು. ಮಗಳ ಮುಖ, ಮೊಣಕಾಲು, ಕೂದಲು ಎಲ್ಲ ಕೆಂಪು ಮರಳು. ಅವಳು ಬಿಕ್ಕುತ್ತಿದ್ದಳು. ಹೊಡೆಯುತ್ತಾರೇನೋ ಎಂದು ನಾನು ನಡುವೆ ಬಂದು, "ಹನೀಫರೇ, ಮಗುವಿಗೆ ಏನೂ ಹೇಳ್ಬೇಡಿ. ತರ್ಲಿಕ್ಕೆ ಹೇಳಿದ್ದು ನಾನು" ಎಂದೆ.

"ಹೇಳುದೆಂತ ಟೀಚರೇ," ಎಂದರು ಅವರು. ಬಗ್ಗಿ ಅವಳ ತಲೆಯ ಮರಳು ಕೊಡವಿದರು. "ಸಿಕ್ಕಿತಲ್ಲ. ಅಳ್ಬೇಡ. ದುಆ ಮಾಡು." ಗೇಟಿನ ಹೊರಗೆ ಕಾಯುತ್ತಿದ್ದ ಕಾರು ಹತ್ತಿ ಹೊರಟರು. ಏರ್‌ಪೋರ್ಟ್ ಹತ್ತಿರವೇ, ಆದರೂ ಅವರು ವಿಮಾನ ಏರಿದರೆಂದು ಝುಬೈದಾ ಮೆಸೇಜ್ ಕಳಿಸುವವರೆಗೆ ನಾನು ಊಟದ ಡಬ್ಬಿ ತೆರೆಯಲಿಲ್ಲ. ಆಮೇಲೂ ನೆಮ್ಮದಿಯಿರಲಿಲ್ಲ. ಅವರು ತಲುಪುವ ಮೊದಲೇ ಅಲ್ಲಿ ಎಲ್ಲ ಮುಗಿದುಬಿಟ್ಟರೆ?

ಶುಕ್ರವಾರ ಮಧ್ಯಾಹ್ನ ಊರಿನ ನಂಬರಿನಿಂದ ಕರೆ ಬಂತು. ಎತ್ತಲು ಹೆದರಿಕೆಯಾಗಿ ಗಂಡನ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡು ಫೋನನ್ನು ನನಗೇ ವಾಪಸ್ ಕೊಟ್ಟರು.

"ಉಮ್ಮನಿಗೆ ಗುರುತು ಸಿಕ್ಕಿತು ಟೀಚರೇ," ಹನೀಫರ ದನಿ. "ನಿನ್ನೆ ನಾನು ಹೋದಾಗ ಕಣ್ಣು ಬಿಟ್ರು. ಊಟ ಆಯ್ತಾ ಕೇಳಿದ್ರು. ಮತ್ತೆ ಮಾತಾಡ್ಲಿಲ್ಲ. ಇವತ್ತು ಬೆಳಿಗ್ಗೆ ಹೋದ್ರು. ಕಬರಿಗೆ ನಾನೇ ಇಳಿಸಿದೆ."

ನಾನು ಅತ್ತುಬಿಟ್ಟೆ, ಮುಚ್ಚಿಟ್ಟು ಏನು.

ಭಾನುವಾರ ಇನ್‌ಸ್ಪೆಕ್ಷನ್ ಆಯಿತು, ಸ್ಕೂಲಿಗೆ ಬರಬೇಕಾದ ರೇಟಿಂಗ್ ಬಂತು. ಪ್ರಿನ್ಸಿಪಾಲ್ ನನ್ನನ್ನು ಕೂರಿಸಿಕೊಂಡು ಚೆನ್ನಾಗಿ ಬೈದರು, ಕೆಲಸದಿಂದ ತೆಗೆಯಲಿಲ್ಲ. ಆ ಉತ್ಖನನವನ್ನು ನಿವೃತ್ತಿಯವರೆಗೂ ಪ್ರತಿವರ್ಷ ಮಾಡಿಸಿದೆ. ತಂದ ವಸ್ತುವನ್ನು ಮೊದಲು ಮನೆಯವರಿಗೆ, ಆಮೇಲೆ ನನಗೆ ತೋರಿಸಬೇಕು ಎಂಬುದೊಂದೇ ಹೊಸ ನಿಯಮ.

ಕ್ಲಾಸಿನಲ್ಲಿ ನಿಂತು ನಾವು ಹೇಳುವ ಮಾತಿನಲ್ಲಿ ಅರ್ಧ ಗಾಳಿಗೆ ಹೋಗುತ್ತದೆ ಎಂದು ಮೇಷ್ಟ್ರುಗಳೆಲ್ಲ ಗೊಣಗುತ್ತೇವೆ. ನಾನೂ ಗೊಣಗಿದವಳೇ. ಆದರೆ ಮೂವತ್ತು ಮಕ್ಕಳಲ್ಲಿ ಒಂದು ಮಗು ಆ ಮಾತನ್ನು ಪೂರ್ತಿ ನಂಬಿ, ಮನೆಯಲ್ಲಿರುವುದರಲ್ಲೇ ದೊಡ್ಡದನ್ನು ತಂದು ನಮ್ಮ ಕೈಗೆ ಕೊಡುತ್ತದೆ. ಅದು ಯಾವ ಮಗು, ಯಾವ ದಿನ ಎಂದು ಮೊದಲೇ ಗೊತ್ತಾಗುವುದಿಲ್ಲ. ಆ ಗುರುವಾರದ ಮೇಲೆ ಬಾಯಿ ತೆರೆಯುವ ಮುಂಚೆ ಪ್ರತಿದಿನವೂ ನನಗೆ ಸ್ವಲ್ಪ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆ ಇದ್ದದ್ದು ಒಳ್ಳೆಯದೇ ಆಯಿತು.