ಅರವತ್ತೊಂಬತ್ತು ಜಿಬಿ ಒತ್ತುವರಿ

ಹೋದ ತಿಂಗಳು ಕುಣಿಗಲ್‌ನಿಂದ ನಮ್ಮ ಭಾವ ಫೋನ್ ಮಾಡಿ, ಅರವತ್ತೊಂಬತ್ತು ಜಿಬಿ ಒತ್ತುವರಿಯಾಗಿದೆ ಎಂದರು.

ಒತ್ತುವರಿ ಎಂಬ ಮಾತು ಅವರ ಬಾಯಿಗೆ ಸಲೀಸು. ನಮ್ಮಕ್ಕನ ಗಂಡ ರಂಗಸ್ವಾಮಿ ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅರ್ಧ ಗುಂಟೆ ಜಾಗಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ಕಣ್ಣಾರೆ ಕಂಡವರು. ಈಗ ಅವರಿಗೆ ಹಕ್ಕಿಗಳ ಹುಚ್ಚು. ಬೆಳಗಾದರೆ ಕ್ಯಾಮೆರಾ ಹಿಡಿದು ಕೆರೆ ಏರಿ ಮೇಲೆ ಕೂರುತ್ತಾರೆ. ಒಂದೇ ಕೊಕ್ಕರೆಯ ಇಪ್ಪತ್ತು ನಿಮಿಷದ ವಿಡಿಯೋ ನೋಡಿದ್ದೀರಾ? ನಾನು ನೋಡಿದ್ದೇನೆ. (ಕೊಕ್ಕರೆ ಏನೂ ಮಾಡುವುದಿಲ್ಲ.)

ಅವರ ಲ್ಯಾಪ್‌ಟಾಪ್ ತುಂಬಿ ಹೋಗಿತ್ತು. ಒಂದು ಟಿಬಿಯ ಹಾರ್ಡ್ ಡಿಸ್ಕ್ ತಗೊಳ್ಳಿ ಎಂದು ಸಲಹೆ ಕೊಟ್ಟವನು ನಾನು. ತುಮಕೂರಿಗೆ ಬಂದಾಗ, ನಮ್ಮ ಬಡಾವಣೆ ಮರಳೂರಿನಲ್ಲೇ ಇರುವ ಮುಬೀನಾ ಅವರ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದವನೂ ನಾನೇ. ಒಂದು ಟಿಬಿ ಅಂದರೆ ಸಾವಿರ ಜಿಬಿ, ನಿಮ್ಮ ಕೊಕ್ಕರೆ ಆರಾಮಾಗಿ ನಿಂತಿರಬಹುದು ಎಂದು ಹೇಳಿ ಬಸ್ಸು ಹತ್ತಿಸಿದ್ದೆ.

ಮನೆಗೆ ಹೋಗಿ ಸಿಕ್ಕಿಸಿ ನೋಡಿದರೆ ಖಾಲಿ ಡಿಸ್ಕು 931 ಜಿಬಿ ಎಂದು ತೋರಿಸಿತಂತೆ.

"ನೂರು ಎಕರೆ ಅಂತ ಬರೆದು ತೊಂಬತ್ಮೂರು ಅಳೆದು ಕೊಟ್ರೆ ನಾನು ಸುಮ್ನೆ ಸೈನ್ ಹಾಕ್ತಿದ್ನೇನಪ್ಪ?" ಎಂದರು.

ಡಿಸ್ಕಿನ ಒಳಗೆ ಯಾವುದೋ ಸಾಫ್ಟ್‌ವೇರ್ ಕೂತಿರಬೇಕು ಎಂದೆ. (ಗೊತ್ತಿಲ್ಲದ್ದನ್ನೆಲ್ಲ ಸಾಫ್ಟ್‌ವೇರ್ ಮೇಲೆ ಹಾಕುವುದು ನಮ್ಮ ಕಾಲದ ಸಂಪ್ರದಾಯ.) ಅವರಿಗೆ ಒಪ್ಪಿಗೆಯಾಗಲಿಲ್ಲ. ಫೋನ್ ಇಟ್ಟವರೇ ತಮ್ಮ ಕುಟುಂಬದ ಗ್ರೂಪಿಗೆ ನಾಲ್ಕು ಸಾಲು ಬರೆದು ಹಾಕಿದರು. ಅಂಗಡಿಯ ಹೆಸರು, ಮಾಲಕಿಯ ಹೆಸರು, ಒಂದು ಟಿಬಿ ಎಂದು ಹೇಳಿ ಕಡಿಮೆ ಕೊಡುತ್ತಾರೆ, ಹುಷಾರು.

ಗುಬ್ಬಿಯಲ್ಲಿರುವ ಅವರ ಚಿಕ್ಕಪ್ಪನ ಮಗ ಶಿವಣ್ಣ ಅದನ್ನು ತಕ್ಷಣ ಫಾರ್ವರ್ಡ್ ಮಾಡಿದ. ಯಾರ್ಯಾರ ಕೈ ದಾಟಿತೋ, ಸಂಜೆಗೆ ನಮ್ಮ ಬಡಾವಣೆಯ ಗ್ರೂಪಿಗೇ ಬಂದು ಬಿತ್ತು. ಭಾವನ ನಾಲ್ಕು ಸಾಲಿನ ಕೆಳಗೆ ಅವರು ಬರೆಯದ ಇನ್ನೆರಡು ಸಾಲು ಸೇರಿಕೊಂಡಿದ್ದವು. ಎಂಥ ಜನರ ಅಂಗಡಿಗೆ ಹೋಗಬೇಕು, ಎಂಥವರ ಅಂಗಡಿಗೆ ಹೋಗಬಾರದು ಎಂಬ ಉಪದೇಶ. (ಪೂರ್ತಿ ಬರೆಯುವುದಿಲ್ಲ. ನಿಮ್ಮ ಗ್ರೂಪಿನಲ್ಲೂ ಇಂಥವು ಓಡಾಡುತ್ತಿರುತ್ತವೆ.)

ಮಾರನೆಯ ದಿನ ಭಾವ ಡಿಸ್ಕ್ ವಾಪಸ್ ಕೊಡಲು ಬಂದರು. ನಾನೂ ಜೊತೆಗೆ ಹೋದೆ. ಮುಬೀನಾಗೆ ಮೂವತ್ತು ದಾಟಿರಬಹುದು. ಜಗಳಕ್ಕೆ ಬಂದವರನ್ನೂ ಸ್ಟೂಲ್ ಎಳೆದು ಕೂರಿಸುವ ಹೆಣ್ಣುಮಗಳು. ಭಾವನ ಮಾತು ಪೂರ್ತಿ ಕೇಳಿಸಿಕೊಂಡರು. ವ್ಯಾಪಾರ ಶುರು ಮಾಡಿದ ಹೊಸದರಲ್ಲಿ ಇದೇ ವಿಷಯಕ್ಕೆ ತಾನೂ ಡೀಲರ್ ಹತ್ತಿರ ಜಗಳ ಆಡಿದ್ದೆ ಎಂದರು.

"ಡಬ್ಬದ ಮೇಲಿರೋದು ಕಂಪನಿ ಲೆಕ್ಕ ಸಾರ್. ಅವ್ರಿಗೆ ಸಾವಿರ ಬೈಟ್‌ಗೆ ಒಂದು ಕೆಬಿ, ಸಾವಿರ ಕೆಬಿಗೆ ಒಂದು ಎಂಬಿ, ಎಲ್ಲಾ ಸಾವಿರದ ಲೆಕ್ಕ. ನಿಮ್ಮ ಲ್ಯಾಪ್‌ಟಾಪ್ ಪ್ರತಿ ಮೆಟ್ಲಿಗೂ ಸಾವಿರದ ಇಪ್ಪತ್ನಾಲ್ಕು ಅಂತ ಹಿಡಿಯುತ್ತೆ. ಜಾಗ ಅಷ್ಟೇ ಇದೆ, ಅಳತೆಕೋಲು ಬೇರೆ."

ಭಾವ ಬಾಯಿಮಾತು ನಂಬುವವರಲ್ಲ. ಪೆನ್ನು ಕೇಳಿ, ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತರು. ಕಂಪನಿಯ ಪ್ರಕಾರ ಒಂದು ಟಿಬಿಗೆ ಒಂದು ಲಕ್ಷ ಕೋಟಿ ಬೈಟ್. ಅದನ್ನು 1024ರಿಂದ ಭಾಗಿಸಿದರೆ ಕೆಬಿ. ಬಂದ ಉತ್ತರವನ್ನು ಮತ್ತೆ 1024ರಿಂದ ಭಾಗಿಸಿದರೆ ಎಂಬಿ. ಇನ್ನೊಮ್ಮೆ ಭಾಗಿಸಿದರೆ ಜಿಬಿ. ನಾನು ಫೋನಿನ ಕ್ಯಾಲ್ಕುಲೇಟರ್ ತೆಗೆದುಕೊಟ್ಟೆ. ಬೇಡ ಎಂದು ಕೈ ಆಡಿಸಿದರು. ಬಂದ ಗಿರಾಕಿಗಳು ಅವರನ್ನು ಸುತ್ತಿಕೊಂಡು ಓಡಾಡಿದರು.

ಕೊನೆಗೆ ಬಂದದ್ದು 931. ಮೇಲೊಂದಿಷ್ಟು ಚಿಲ್ಲರೆ.

ಭಾವ ಪೆನ್ನು ಕೆಳಗಿಟ್ಟರು. ತಪ್ಪು ತನ್ನದು, ಡಿಸ್ಕ್ ತಾನೇ ಇಟ್ಟುಕೊಳ್ಳುತ್ತೇನೆ ಎಂದರು. ನಾನು ಕಥೆ ಮುಗಿಯಿತು ಅಂದುಕೊಂಡೆ. ಆಗ ಮುಬೀನಾ ತಮ್ಮ ಫೋನ್ ತೆಗೆದು ಅವರ ಮುಂದಿಟ್ಟರು. ಇದನ್ನು ಬರೆದವರು ನೀವೇನಾ ಎಂದಷ್ಟೇ ಕೇಳಿದರು.

ಭಾವ ಕನ್ನಡಕ ಹಾಕಿಕೊಂಡು ಓದಿದರು. ಕೊನೆಯ ಎರಡು ಸಾಲನ್ನು ಮತ್ತೊಮ್ಮೆ ಓದಿದರು.

"ಮೇಲಿಂದು ನಂದು ಕಣಮ್ಮ. ಕೆಳಗಿಂದು ನಂದಲ್ಲ."

"ಓದೋರಿಗೆ ಎಲ್ಲಾ ಒಂದೇ ಸಾರ್."

ನಮ್ಮ ಬಡಾವಣೆಯ ಒಬ್ಬರು ಮನೆಗೆ ಸಿಸಿ ಕ್ಯಾಮೆರಾ ಹಾಕಿಸಲು ಮುಬೀನಾಗೆ ಹೇಳಿದ್ದರಂತೆ. ಬೆಳಗ್ಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದಿದ್ದರು. ಕಾರಣ ಅವರೂ ಹೇಳಲಿಲ್ಲ, ಈಕೆಯೂ ಕೇಳಲಿಲ್ಲ.

ಭಾವ ಅಲ್ಲೇ ಕೂತು ತಿದ್ದುಪಡಿ ಬರೆದರು. ಅಂಗಡಿಯವರ ತಪ್ಪಿಲ್ಲ, ಲೆಕ್ಕ ತಿಳಿಯದ ನನ್ನ ತಪ್ಪು, ಕೆಳಗಿನ ಎರಡು ಸಾಲು ನನ್ನವಲ್ಲ, ಅವನ್ನು ಸೇರಿಸಿದವರು ನಾಚಿಕೆಪಡಬೇಕು. ಬಿಲ್ಲಿನ ಹಿಂಬದಿಯ ಲೆಕ್ಕದ ಫೋಟೋ ಕೂಡ ಲಗತ್ತಿಸಿದರು. ಕುಟುಂಬದ ಗ್ರೂಪಿನಲ್ಲಿ ಒಂದಿಷ್ಟು ಹೆಬ್ಬೆರಳುಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಅಲ್ಲಿಂದ ಆಚೆಗೆ ಅದು ಒಂದು ಹೆಜ್ಜೆಯೂ ಹೋಗಲಿಲ್ಲ. ನಮ್ಮ ಬಡಾವಣೆಯ ಗ್ರೂಪಿಗೆ ನಾನು ಹಾಕಿದೆ. ಅದರ ಬೆನ್ನಿಗೇ ಯಾರೋ ಶುಭೋದಯದ ಗುಲಾಬಿ ಹಾಕಿದರು, ಮುಗಿಯಿತು.

ಗಡಿ ತಪ್ಪಾಗಿ ಅಳೆದರೆ ಮತ್ತೆ ಜಾಗಕ್ಕೆ ಹೋಗಿಯೇ ಅಳೆಯಬೇಕು ಎಂಬುದು ಭಾವನ ನಂಬಿಕೆ. ಬಸ್ಸು ಹತ್ತಿ ಗುಬ್ಬಿಗೆ ಹೋದರು. ಶಿವಣ್ಣ ಕಾಫಿ ಕೊಟ್ಟ. ಊಟ ಮಾಡಿಕೊಂಡು ಹೋಗು ಎಂದ. ತಿದ್ದುಪಡಿ ಫಾರ್ವರ್ಡ್ ಮಾಡು ಎಂದರೆ ಮಾತ್ರ ನಕ್ಕನಂತೆ.

"ಈಗ್ಯಾಕಣ್ಣ? ಜನ ಮರ್ತಿರ್ತಾರೆ, ಬುಡು."

ಭಾವ ಬಿಡಲಿಲ್ಲ. ಅವನ ಪಕ್ಕದಲ್ಲೇ ಕೂತು, ಮೊದಲಿನದನ್ನು ಯಾರ್ಯಾರಿಗೆ ಕಳಿಸಿದ್ದನೋ ಅವರಿಗೆಲ್ಲ ಕಳಿಸುವ ತನಕ ಊಟಕ್ಕೆ ಏಳಲಿಲ್ಲ. ಆಮೇಲೆ ಮರಳೂರಿಗೆ ಬಂದು, ಸಿಸಿ ಕ್ಯಾಮೆರಾದವರ ಮನೆ ಬಾಗಿಲು ತಟ್ಟಿದರು. ಅವರು ಮರ್ಯಾದೆಯಿಂದಲೇ ಕೂರಿಸಿದರು, ಲೆಕ್ಕವನ್ನೂ ಒಪ್ಪಿದರು. ಆದರೆ ಅವರ ಗೋಡೆಯ ಮೇಲೆ ಬೇರೆ ಅಂಗಡಿಯ ಕ್ಯಾಮೆರಾ ಆಗಲೇ ಕೂತಿತ್ತು.

ಮುಬೀನಾ ಅಂಗಡಿ ನಡೆಯುತ್ತಿದೆ. ಮೊದಲಿನಂತೆಯೇ ನಡೆಯುತ್ತಿದೆಯೇ? ನಾನು ಕೇಳಿಲ್ಲ. ಭಾವ ಈಗ ತಮ್ಮ ಡಿಸ್ಕು, ಪೆನ್‌ಡ್ರೈವು, ಮೆಮೊರಿ ಕಾರ್ಡು ಎಲ್ಲವನ್ನೂ ಅಲ್ಲಿಂದಲೇ ತರುತ್ತಾರೆ. ಬೇಕಿಲ್ಲದಿದ್ದರೂ ತರುತ್ತಾರೆ ಎಂದು ಅಕ್ಕ ಗೊಣಗುತ್ತಾಳೆ.

ಮೊನ್ನೆ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಸೇರಿಕೊಂಡ ಸಾಲುಗಳನ್ನೂ ಹಿಡಿದು ಆ ಮೆಸೇಜು ಹೆಚ್ಚೆಂದರೆ ಎರಡು ಕೆಬಿ. ಒಂದು ಟಿಬಿಯಲ್ಲಿ ಅಂಥವು ಐವತ್ತು ಕೋಟಿ ಹಿಡಿಸುತ್ತವೆ. ಕಳಿಸಿದವರಲ್ಲಿ ಯಾರೂ ಕೂತ ಜಾಗ ಬಿಟ್ಟು ಎದ್ದಿರಲಿಲ್ಲ.

ಅದನ್ನು ಅಳಿಸುವುದಕ್ಕೆ ಮಾತ್ರ ಯಾಕೆ ಒಬ್ಬ ಮನುಷ್ಯ ಬಸ್ಸು ಹತ್ತಬೇಕಾಯಿತು?